ಓದಿಯೇ ಸಹಿ ಹಾಕುವವರು

ಟೈರು ಪಂಕ್ಚರ್ ಆಗಬಹುದಿತ್ತು. ಸ್ಟೆಪ್ನಿಯೂ ಪಂಕ್ಚರ್ ಆಗಿ ಕೂತಿರಬಹುದಿತ್ತು, ಅದು ತಿಳಿಯುವುದು ಮೊದಲನೆಯದು ಹೋದ ಮೇಲೇ. ನೈರೋಬಿಯಾಚೆಯ ಮಗಾಡಿ ರಸ್ತೆಯ ಇಳಿಜಾರಿನಲ್ಲಿ ಬ್ರೇಕು ಕಾದು ಹಿಡಿಯದೆ ಹೋಗಬಹುದಿತ್ತು. ರೇಡಿಯೇಟರ್ ಕುದಿಯಬಹುದಿತ್ತು, ಕುದಿಯುವ ರೇಡಿಯೇಟರಿನ ಮುಚ್ಚಳ ತೆಗೆಯಲು ಹೋಗಿ ನನ್ನ ಕೈ ಬೇಯಬಹುದಿತ್ತು. ನಾನು ಅಂಥ ಕೆಲಸ ಮಾಡುವವನೇ. ಮರಳಿನಲ್ಲಿ ಚಕ್ರ ಹೂತು, ಸಹಾಯಕ್ಕೆ ಕರೆಯಲು ಸಿಗ್ನಲ್ ಸಿಗದೆ, ಸಿಗ್ನಲ್ ಹುಡುಕುತ್ತ ದಿಬ್ಬ ಹತ್ತಿದಲ್ಲಿ ಹಾವು ಕಚ್ಚಬಹುದಿತ್ತು. ಹಾವು ತಪ್ಪಿದರೆ ಚೇಳು. ಬಬೂನು ಬಂದು ತಿಂಡಿಯ ಡಬ್ಬಿಯ ಜೊತೆಗೆ ಕಾರಿನ ಕೀಲಿಯನ್ನೂ ಎತ್ತಿಕೊಂಡು ಹೋಗಬಹುದಿತ್ತು. ಬಿಸಿಲಿಗೆ ಮೇಡಂ ತಲೆ ಸುತ್ತಿ ಬೀಳಬಹುದಿತ್ತು. ಅರವತ್ತರ ಅವರ ಮಂಡಿ ಬಂಡೆಯ ಮೇಲೆ ಕೈಕೊಡಬಹುದಿತ್ತು. ನಮ್ಮ ಮೇಲೆ ಒಂದು ಹನಿಯೂ ಬೀಳದಿದ್ದರೂ ಎಲ್ಲೋ ದೂರದ ಬೆಟ್ಟದಲ್ಲಿ ಸುರಿದ ಮಳೆ ಗೋಡೆಯ ಹಾಗೆ ಎದ್ದು ಕಣಿವೆಯೊಳಕ್ಕೆ ನುಗ್ಗಬಹುದಿತ್ತು. ಮೊಸರನ್ನ ಹಳಸಬಹುದಿತ್ತು.

ಹೀಗೆ ಒಟ್ಟು ಇಪ್ಪತ್ತಮೂರು. ಎಲ್ಲವನ್ನೂ ಎಕ್ಸೆಲ್‌ನಲ್ಲಿ ಬರೆದು, ಆಗುವ ಸಂಭವ ಎಷ್ಟು, ಆದರೆ ಕೇಡು ಎಷ್ಟು ಎಂದು ಗುಣಿಸಿ, ಕೆಂಪು, ಹಳದಿ, ಹಸಿರು ಬಣ್ಣ ಹಾಕಿದ್ದೆ. ಔಷಧಿ ಕಾರ್ಖಾನೆಯಲ್ಲಿ ಗುಣಮಟ್ಟದ ವಿಭಾಗ ನೋಡಿಕೊಳ್ಳುವವನಿಗೆ ಇದು ಹೊಟ್ಟೆಪಾಡು. ನನಗೆ ಅದು ಚಟ ಕೂಡ. ನನ್ನ ಹೆಂಡತಿ ಸುಮ ಹೆಗಲ ಮೇಲಿಂದ ಬಗ್ಗಿ ಓದಿ, "ಎಲ್ಲಾ ಇದೆ ರೀ. ಕಾರು ಓಡಿಸೋದು ನೀವು ಅನ್ನೋದೊಂದು ಬಿಟ್ಟುಹೋಗಿದೆ" ಎಂದಳು.

ಇಪ್ಪತ್ತಮೂರರಲ್ಲಿ ಒಂದೂ ಆಗಲಿಲ್ಲ. ಆದದ್ದು ಪಟ್ಟಿಯಲ್ಲಿ ಇರಲಿಲ್ಲ. ಅದು ಏನೆಂದು ಹೇಳುವ ಮೊದಲು ಮೇಡಂ ಯಾರೆಂದು ಹೇಳಬೇಕು. ಹೆಸರು ಬರೆಯುವುದಿಲ್ಲ. ತಾವು ಓದದ ಕಾಗದದ ಮೇಲೆ ತಮ್ಮ ಹೆಸರು ಇರುವುದು ಅವರಿಗೆ ಆಗುತ್ತಿರಲಿಲ್ಲ, ಇದನ್ನು ಅವರು ಇನ್ನು ಓದುವ ಹಾಗಿಲ್ಲ. ಹೋದ ತಿಂಗಳು ದಾವಣಗೆರೆಯಲ್ಲಿ, ತಂಗಿಯ ಮನೆಯಲ್ಲಿ, ಮಧ್ಯಾಹ್ನ ಮಲಗಿದವರು ಏಳಲಿಲ್ಲವಂತೆ.

ನೈರೋಬಿಯ ಇಂಡಸ್ಟ್ರಿಯಲ್ ಏರಿಯಾದ ನಮ್ಮ ಕಾರ್ಖಾನೆಯ ಪ್ರಯೋಗಾಲಯಕ್ಕೆ ಅವರು ಇಪ್ಪತ್ತೆರಡು ವರ್ಷ ಯಜಮಾನಿ. ನಾನು ಬಂದು ಒಂಬತ್ತು ವರ್ಷವಾಯಿತು. ಬಂದ ಮೊದಲ ದಿನ ಕ್ಯಾಂಟೀನಿನಲ್ಲಿ ನನ್ನ ಎದುರು ಕೂತು, ನಾನು ಚೀಲದಿಂದ ತೆಗೆದಿಟ್ಟ ಮಾತ್ರೆಗಳ ಪಟ್ಟಿಗಳನ್ನು ನೋಡಿದರು. ಮಲೇರಿಯಾಕ್ಕೆ, ಭೇದಿಗೆ, ಜ್ವರಕ್ಕೆ, ಆರು ತಿಂಗಳಿಗಾಗುವಷ್ಟು.

"ಎಲ್ಲಿಂದ ತಂದ್ರಿ?"

"ಮೈಸೂರಿಂದ, ಮೇಡಂ. ಇಲ್ಲಿ ಸಿಗತ್ತೋ ಇಲ್ವೋ ಅಂತ."

ಅವರು ಒಂದು ಪಟ್ಟಿ ತೆಗೆದುಕೊಂಡು, ಸರಪಳಿಯಲ್ಲಿ ತೂಗುತ್ತಿದ್ದ ಕನ್ನಡಕ ಏರಿಸಿ, ಹಿಂಬದಿಯ ಸಣ್ಣ ಅಕ್ಷರಗಳನ್ನೆಲ್ಲ ಕೊನೆಯವರೆಗೆ ಓದಿ, ವಾಪಸ್ ಇಟ್ಟರು. "ಪ್ರಸಾದ್, ನೀವು ಕೆಲಸಕ್ಕೆ ಸೇರಿರೋದು ಮಾತ್ರೆ ಫ್ಯಾಕ್ಟರಿಗೆ" ಎಂದರು. ನಗಲಿಲ್ಲ. ಅವರು ನಗುತ್ತಿದ್ದುದು ತಾವು ಆಡಿದ ಮಾತಿಗಲ್ಲ, ಎದುರಿನವರಿಗೆ ಅದು ಅರ್ಥವಾದ ಗಳಿಗೆಗೆ.

ಔಷಧಿ ಕಾರ್ಖಾನೆಗಳಲ್ಲಿ ಒಂದು ಪದ್ಧತಿಯಿದೆ. ತಯಾರಾದ ಪ್ರತಿ ಬ್ಯಾಚಿನ ಮಾಲಿನಲ್ಲೂ ಸ್ವಲ್ಪವನ್ನು ಮಾರದೆ ಕಪಾಟಿನಲ್ಲಿ ಎತ್ತಿಡಬೇಕು. ಅವಧಿ ಮುಗಿದ ಮೇಲೂ ಒಂದು ವರ್ಷ ಅದು ಅಲ್ಲೇ ಇರಬೇಕು. ನಾಳೆ ಯಾರಾದರೂ ದೂರು ತಂದರೆ ತೆಗೆದು ನೋಡಲು. ಅದಕ್ಕೆ ರಿಟೆನ್ಷನ್ ಸ್ಯಾಂಪಲ್ ಎನ್ನುತ್ತೇವೆ. ನಮ್ಮೆಲ್ಲರ ಪಾಲಿಗೆ ಅದು ಧೂಳು ಹಿಡಿಯುವ ಕಪಾಟು. ಮೇಡಂ ಮಾತ್ರ ಆ ಪದ್ಧತಿಯನ್ನು ಸೌತ್ ಬಿ ಬಡಾವಣೆಯ ತಮ್ಮ ಮನೆಗೂ ತೆಗೆದುಕೊಂಡು ಹೋಗಿದ್ದರು. ಅಡುಗೆಮನೆಯಲ್ಲಿ ಸಾಂಬಾರ ಡಬ್ಬಿಗಳ ಮೇಲಿನ ಹಲಗೆಯಲ್ಲಿ ಹೆಬ್ಬೆರಳು ಗಾತ್ರದ ಗಾಜಿನ ಸೀಸೆಗಳ ಸಾಲು. ಮೊದಲ ಬಾಡಿಗೆ ಮನೆಯ ಬೋರ್‌ವೆಲ್ ನೀರು. ರಸ್ತೆಗೆ ಟಾರು ಬರುವ ಮುಂಚಿನ ಕೆಮ್ಮಣ್ಣು. ಅವರಮ್ಮ ಕಳಿಸಿದ ಕೊನೆಯ ರಾಗಿ ಹಿಟ್ಟು. ಗೇಟಿನ ಮುಂದೆ ಉದುರಿ ಒಣಗಿದ ಜಕರಂದ ಹೂವಿನ ಪುಡಿ. ಪ್ರತಿಯೊಂದಕ್ಕೂ ಚೀಟಿ: ಏನು, ಎಲ್ಲಿಯದು, ಯಾವತ್ತು ತೆಗೆದದ್ದು, ಎಲ್ಲಿಯವರೆಗೆ ಇಡಬೇಕು. ಚೀಟಿ ಅಂಟಿಸಿ ಅದರ ಮೇಲೆ ಹೆಬ್ಬೆರಳಿಟ್ಟು ಒತ್ತಿ, ಮನಸ್ಸಿನಲ್ಲೇ ಮೂರು ಎಣಿಸಿ ಬಿಡುತ್ತಿದ್ದರು. ಪ್ರಯೋಗಾಲಯದಲ್ಲೂ ಹಾಗೆಯೇ. ಕೆಲಸದವರೆಲ್ಲ ಅವರನ್ನು ಮಾಮಾ ಚುಪಾ ಎನ್ನುತ್ತಿದ್ದರು, ಅಂದರೆ ಸೀಸೆ ಅಮ್ಮ. ಕಂಪನಿಯ ಕಾರು ಬೇಡವೆಂದು ಅವರು ಬರುತ್ತಿದ್ದ ಮಟಾಟು ಎಂಬ ಬಾಡಿಗೆ ವ್ಯಾನಿನ ಕಂಡಕ್ಟರನಿಗೂ ಆ ಹೆಸರು ಗೊತ್ತಿತ್ತು.

ಆ ಸಾಲಿನಲ್ಲಿ ಮೊದಲನೆಯ ಸೀಸೆಯಲ್ಲಿ ಒಂದು ಬೂದು ಕಲ್ಲಿನ ಚೂರು ಇತ್ತು. ಅದರ ಚೀಟಿಯ ಮೇಲೆ ತಾರೀಖು ಮಾತ್ರ. ಏನು, ಎಲ್ಲಿಯದು ಎಂಬ ಜಾಗಗಳೆರಡೂ ಖಾಲಿ.

"ಮೇಡಂ, ಲೇಬಲ್ ಅಪೂರ್ಣ. ನಾನು ಆಡಿಟ್‌ನಲ್ಲಿ ಬರೀತೀನಿ" ಎಂದು ಒಂದು ಸಲ ತಮಾಷೆ ಮಾಡಿದೆ.

"ಗೊತ್ತು" ಎಂದರು. ಕಾಫಿಗೆ ಸಕ್ಕರೆ ಎಷ್ಟು ಎಂದು ಕೇಳಿದರು. ನಾನು ಅಲ್ಲಿಗೆ ಬಿಟ್ಟೆ.

ಅವರ ಓದು ಬೇರೆ ಬಗೆಯದು. ಕಥೆ, ಪತ್ರಿಕೆ ಏನೂ ಇಲ್ಲ; ಸಹಿ ಕೇಳುವ ಕಾಗದ ಮಾತ್ರ. ಕೊರಿಯರ್‌ನವನು ತಂದ ಚೀಟಿಯ ಹಿಂಭಾಗದ ನಿಬಂಧನೆಗಳನ್ನು ಓದಿ ಮುಗಿಸುವವರೆಗೆ ಅವನು ಹೆಲ್ಮೆಟ್ ಕಂಕುಳಲ್ಲಿಟ್ಟುಕೊಂಡು ನಿಂತಿರಬೇಕು. ಅಪ್ಪರ್ ಹಿಲ್‌ನ ಬ್ಯಾಂಕಿನಲ್ಲಿ ಖಾತೆ ತೆರೆಯಲು ಹೋಗಿ, ಹದಿನಾಲ್ಕು ಪುಟದ ಅರ್ಜಿಯನ್ನು ಅಲ್ಲೇ ಕೂತು ಓದಿ, ಒಂಬತ್ತನೆಯ ಪುಟದ ತಪ್ಪೊಂದನ್ನು ತೋರಿಸಿ ಬಂದರಂತೆ. ಒಂದು ಸಲ ಕೆಮ್ಮಿನ ಸಿರಪ್ಪಿನ ಮಾಲು ಲಾರಿಗೆ ಹತ್ತಿ ನಿಂತಿದೆ, ಮೇಡಂ ಸಹಿ ಹಾಕುತ್ತಿಲ್ಲ. ತೂಕದ ಪುಟದಲ್ಲಿ ಒಬ್ಬರ ಅಂಕಿತವಿರಲಿಲ್ಲ. ಆ ಮನುಷ್ಯ ರಜೆಯ ಮೇಲೆ ಊರಿಗೆ ಹೋಗಿದ್ದ. ಡೈರೆಕ್ಟರ್ ಫೋನ್ ಮಾಡಿದರು. ನಾನು ಪಕ್ಕದಲ್ಲೇ ನಿಂತು ಬೆವರುತ್ತಿದ್ದೆ.

"ಸಾರ್, ನನ್ನ ಸೈನ್ ಬೇಕೋ, ನನ್ನ ಹೆಸರು ಬರೆಯೋ ಯಾವುದಾದ್ರೂ ಕೈ ಬೇಕೋ? ಕೈ ಬೇಕಿದ್ರೆ ಇಲ್ಲಿ ಪ್ರಸಾದ್ ಇದಾರೆ, ಅಕ್ಷರ ಚೆನ್ನಾಗಿದೆ."

ಲಾರಿ ಎರಡು ದಿನ ನಿಂತಿತು.

ಮದುವೆ ಆಗಿರಲಿಲ್ಲ. ಹೊಸದಾಗಿ ಬಂದ ಕನ್ನಡದ ಮನೆಯವರು ಯುಗಾದಿ ಊಟದಲ್ಲೋ ಎಲ್ಲೋ ಆ ಮಾತು ತೆಗೆದರೆ, "ಬಂದ ಸ್ಯಾಂಪಲ್ ಯಾವುದೂ ಪಾಸಾಗ್ಲಿಲ್ಲ ಕಣ್ರೀ" ಎಂದು ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದರು.

ಇನ್ನು ಕಣಿವೆಯ ವಿಷಯ. ಪ್ರಯೋಗಾಲಯಕ್ಕೆ ಗ್ಯಾಸ್ ಸಿಲಿಂಡರ್ ತಂದುಕೊಡುವವರು ಯಾವುದೋ ವರ್ಷ ಹಂಚಿದ ಕ್ಯಾಲೆಂಡರಿನಲ್ಲಿ ಅದರ ಚಿತ್ರವಿತ್ತು. ಮರಳುಗಾಡಿನಂಥ ಬಯಲು ಇದ್ದಕ್ಕಿದ್ದ ಹಾಗೆ ಸೀಳಿಕೊಂಡು, ಆ ಸೀಳಿನೊಳಗೆ ಕಲ್ಲಿನ ಕಂಬಗಳು ನಿಂತಿವೆ. ಕೆಲವಕ್ಕೆ ತಲೆಯ ಮೇಲೆ ಕೊಡ ಹೊತ್ತ ಹಾಗೆ ಒಂದೊಂದು ಚಪ್ಪಡಿ. ವರ್ಷ ಮುಗಿದ ಮೇಲೆ ಮೇಡಂ ಆ ಪುಟ ಕತ್ತರಿಸಿ ತಮ್ಮ ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡರು. ಜಾಗ ಮಗಾಡಿ ರಸ್ತೆಯ ಆಚೆ, ಮಾಸಾಯಿ ಜನ ಒಟ್ಟಾಗಿ ಇಟ್ಟುಕೊಂಡಿರುವ ಜಮೀನಿನಲ್ಲಿ. ಸರ್ಕಾರದ ಪಾರ್ಕಲ್ಲ, ಹೋಟೆಲಿನವರದಲ್ಲ. ಅವರು ಬಿಟ್ಟರೆ ಒಳಗೆ ಹೋಗಬಹುದು, ಇಲ್ಲದಿದ್ದರೆ ಇಲ್ಲ. ನನ್ನ ಬಳಿ ಎತ್ತರದ ಹಳೆಯ ಜಪಾನಿ ಕಾರಿತ್ತು. ಪ್ರತಿ ಜನವರಿಯಲ್ಲಿ ಮೇಡಂ ಗಾಜಿನ ಮೇಲೆ ಬೆರಳಿಂದ ತಟ್ಟಿ, "ಈ ವರ್ಷನಾದ್ರೂ?" ಎನ್ನುತ್ತಿದ್ದರು. ಪ್ರತಿ ಜನವರಿಯಲ್ಲಿ ನನ್ನ ಬಳಿ ಕಾರಣವಿರುತ್ತಿತ್ತು. ಚುನಾವಣೆ, ಮಗಳ ಪರೀಕ್ಷೆ, ಕ್ಲಚ್ಚು, ಬಿಸಿಲು ಜಾಸ್ತಿ, ಮೋಡ ಜಾಸ್ತಿ. ಎಂಟು ವರ್ಷ ಹೀಗೆ ತಳ್ಳಿದೆ. ಅವರು ಬೇರೆಯವರನ್ನು ಕೇಳಬಹುದಿತ್ತು. ಏಕೆ ಕೇಳಲಿಲ್ಲ ಎಂದು ನಾನು ಆಗ ಯೋಚಿಸಲೂ ಇಲ್ಲ.

ಹೋದ ವರ್ಷ ಅವರ ನಿವೃತ್ತಿ ಹತ್ತಿರವಾದಾಗ, ಬೀಳ್ಕೊಡುಗೆಗೆ ಏನು ಬೇಕು ಎಂದು ಎಲ್ಲರ ಪರವಾಗಿ ಕೇಳುವ ಕೆಲಸ ನನಗೆ ಬಂತು.

"ನಿಮ್ಮ ಕಾರಿನ ಒಂದು ಶನಿವಾರ" ಎಂದರು.

ಫೆಬ್ರವರಿಯ ಶನಿವಾರ ಬೆಳಿಗ್ಗೆ ಹೊರಟೆವು. ಸೌತ್ ಬಿಯಿಂದ ಅವರನ್ನು ಹತ್ತಿಸಿಕೊಂಡು, ಲಂಗಾಟಾ ದಾಟಿ, ಕಿಸೇರಿಯನ್‌ನಲ್ಲಿ ಟೈರಿಗೆ ಇನ್ನೊಮ್ಮೆ ಗಾಳಿ ನೋಡಿಸಿದೆ. ಎಂಗಾಂಗ್ ಬೆಟ್ಟದ ಮೂಲೆಯಲ್ಲಿ ಜಾಕೆಟ್ ಬೇಕೆನಿಸುವ ಚಳಿ; ಅಲ್ಲಿಂದ ಇಳಿಯುತ್ತ ಇಳಿಯುತ್ತ ಅರ್ಧ ಗಂಟೆಯಲ್ಲಿ ಒಲೆಯ ಬಾಯಿ. ಮೇಡಂ ಕಿಟಕಿ ಇಳಿಸಿ ಕೈ ಹೊರಗಿಟ್ಟು ಕೂತಿದ್ದರು. "ನಮ್ಮ ಕಡೆ ಗಾಳಿ ಹೀಗೇ ಇರತ್ತೆ, ಏಪ್ರಿಲ್‌ನಲ್ಲಿ" ಎಂದರು. ಅವರ ಕಡೆ ಎಂದರೆ ಚಿತ್ರದುರ್ಗದ ಕಡೆ. ಅಷ್ಟು ವರ್ಷಗಳಲ್ಲಿ ಊರಿನ ಮಾತನ್ನು ಅವರ ಬಾಯಲ್ಲಿ ನಾನು ಕೇಳಿದ್ದು ಬಹುಶಃ ಅದು ಮೂರನೆಯ ಸಲ.

ಟಾರು ರಸ್ತೆ ಬಿಟ್ಟು ಮಣ್ಣಿನ ದಾರಿಯಲ್ಲಿ ಮುಕ್ಕಾಲು ಗಂಟೆ. ಕೊನೆಗೆ ಮುಳ್ಳಿನ ಬೇಲಿ, ತಗಡಿನ ಚಪ್ಪರ, ಅದರ ಕೆಳಗೆ ಒಂದು ಮೇಜು. ಗೇಟಿನ ಪಕ್ಕದಲ್ಲಿ ಮಂಡಿಯೆತ್ತರದ ಚಪ್ಪಟೆ ಬಂಡೆ. ಮೇಜಿನ ಹಿಂದಿದ್ದಾಕೆಗೆ ಐವತ್ತು ದಾಟಿರಬೇಕು. ಹೆಗಲಿಗೆ ಹೊದ್ದ ಕೆಂಪು ಶುಕಾ ಬಟ್ಟೆ, ಕೊರಳಲ್ಲಿ ಮಣಿಯ ಹಾರ, ಕಾಲಲ್ಲಿ ಟೈರಿನ ಚಪ್ಪಲಿ. ಹೆಸರು ನಾಸೆರಿಯಾನ್. ಆ ಕಣಿವೆಗೆ ಜನರನ್ನು ಕರೆದುಕೊಂಡು ಹೋಗಿ ತೋರಿಸುವ ಹೊಣೆ ಅವರದು. ನಮ್ಮ ಜೊತೆ ಸ್ವಾಹಿಲಿ, ಇಂಗ್ಲಿಷ್ ಎರಡನ್ನೂ ನಿಧಾನವಾಗಿ ಮಾತಾಡಿದರು.

ನಾನು ಕಾರಿನ ಕೆಳಗೆ ಬಗ್ಗಿ ಎಣ್ಣೆ ಸೋರಿದೆಯೇ ಎಂದು ನೋಡಿ ಎದ್ದೆ. ಮೇಜಿನ ಮೇಲೆ ನಿಯಮಗಳ ಹಾಳೆ, ಅದರ ಕೆಳಗೆ ಸಹಿಯ ಪುಸ್ತಕ. "ಎಲ್ಲಿ, ಇಲ್ಲೇನಾ?" ಎಂದು ಕೇಳಿ, ಬೆರಳು ತೋರಿಸಿದ ಕಡೆ ಸಹಿ ಹಾಕಿ, ನೀರಿನ ಬಾಟಲಿ ಎಣಿಸಲು ಹೋದೆ. ಮೇಡಂ ಕನ್ನಡಕ ಏರಿಸಿದರು. ಎರಡೂ ಭಾಷೆಯಲ್ಲಿ, ಎರಡೂ ಬದಿ, ಪೂರ್ತಿ ಓದಿದರು. ಹತ್ತು ನಿಮಿಷ. ನಾಸೆರಿಯಾನ್ ಮೊದಲು ಬೇಸರದಿಂದ, ಆಮೇಲೆ ಕುತೂಹಲದಿಂದ ನೋಡುತ್ತಿದ್ದರು.

"ಇದನ್ನ ಬರೆದವಳು ನಾನು. ಓದಿದವರನ್ನ ಇವತ್ತು ನೋಡ್ತಿದ್ದೀನಿ" ಎಂದರು.

"ಎಂಟನೇದು ನಂಗೆ ಇಷ್ಟವಾಯ್ತು" ಎಂದರು ಮೇಡಂ.

"ಅದು ನಮ್ಮತ್ತೆ ಹೇಳಿದ್ದು."

ಎಂಟನೆಯದು ಏನೆಂದು ನಾನು ಕೇಳಲಿಲ್ಲ. ನನಗೆ ಬಿಸಿಲಿನ ಚಿಂತೆ.

ಕಣಿವೆಗೆ ಇಳಿಯುವ ದಾರಿ ನಾನು ಭಯಪಟ್ಟಷ್ಟು ಕಡಿದಾಗಿರಲಿಲ್ಲ. ಮೇಡಂ ಮಂಡಿಯ ಕಥೆಯೂ ಸುಳ್ಳಾಯಿತು. ಏದುಸಿರು ಬಂದದ್ದು ನನಗೆ. ಎರಡು ತಿರುವು ಇಳಿದ ಮೇಲೆ ಗಾಳಿ ನಿಂತಿತು. ಎದುರಿಗೆ ಆ ಕಂಬಗಳು. ಕ್ಯಾಲೆಂಡರು ಅವುಗಳ ಬಣ್ಣ ಹಿಡಿದಿರಲಿಲ್ಲ. ಬುಡದಲ್ಲಿ ಹುರಿದ ರಾಗಿಯ ಕೆಂಪು, ನಡುವೆ ಬೂದಿ, ಬೂದಿಯ ನಡುವೆ ಯಾರೋ ದಾರ ಹಿಡಿದು ಸುಣ್ಣದ ಗೆರೆ ಹೊಡೆದ ಹಾಗೆ ಬಿಳಿಯ ಪದರ. ಕೆಲವು ಆರು ಮೂಲೆಯ ಕಂಬಗಳು ಒಂದಕ್ಕೊಂದು ಒತ್ತಿ ನಿಂತಿದ್ದವು, ಅಂಗಡಿಯಲ್ಲಿ ಜೋಡಿಸಿಟ್ಟ ಪೆನ್ಸಿಲ್ ಕಟ್ಟಿನ ಹಾಗೆ. ಚಪ್ಪಡಿ ಹೊತ್ತವು ಬಿಡಿಬಿಡಿಯಾಗಿದ್ದವು. ಅವುಗಳ ಕತ್ತು ಎಷ್ಟು ಸಣ್ಣಗಿತ್ತೆಂದರೆ ನಾನು ಜೋರಾಗಿ ಕೆಮ್ಮಲೂ ಹೆದರಿದೆ.

ನಾಸೆರಿಯಾನ್ ಒಂದೊಂದನ್ನೇ ತೋರಿಸುತ್ತ ಹೋದರು. ಇದು ಮಳೆಗೆ ಕಾಯುವವಳು. ಇದು ಸಾಲ ಕೇಳಲು ಬಂದ ಭಾವ. ಬೆನ್ನು ಬಾಗಿದೆ ನೋಡಿ. ಇವರಿಬ್ಬರು ಮಾತು ಬಿಟ್ಟ ಸವತಿಯರು. ಮೇಡಂ ಪ್ರತಿಯೊಂದರ ಮುಂದೆಯೂ ನಿಂತು ಹೆಸರನ್ನು ಬಾಯಲ್ಲಿ ಹೇಳಿಕೊಂಡು ಮುಂದೆ ಹೋಗುತ್ತಿದ್ದರು. ಒಂದು ದಪ್ಪ ಕಂಬಕ್ಕೆ ಹೆಸರೇನೆಂದು ಕೇಳಿದಾಗ ನಾಸೆರಿಯಾನ್, "ಇದಕ್ಕಿಲ್ಲ. ಇದು ಯಾರ ತಂಟೆಗೂ ಹೋಗಿಲ್ಲ" ಎಂದರು. ಮೇಡಂ ನಕ್ಕರು. ಅವರು ಹಾಗೆ ತಲೆಯೆತ್ತಿ ಬಾಯ್ತುಂಬ ನಕ್ಕಿದ್ದನ್ನು ನಾನು ನೋಡಿದ್ದು ಅಲ್ಲಿಯೇ.

ಬಂಡೆಯ ನೆರಳಿನಲ್ಲಿ ಕೂತು ಮೊಸರನ್ನ ಬಿಚ್ಚಿದೆವು. ಹಳಸಿರಲಿಲ್ಲ. ಊಟವಾದ ಮೇಲೆ ಮೇಡಂ ಕೈಚೀಲದಿಂದ ಕರವಸ್ತ್ರದ ಗಂಟು ತೆಗೆದು ಬಿಚ್ಚಿದರು. ಆ ಬೂದು ಕಲ್ಲಿನ ಸೀಸೆ.

"ನಮ್ಮೂರ ಗುಡ್ಡ, ಪ್ರಸಾದ್. ನಮ್ಮಲ್ಲೂ ಹೀಗೇ ಹೆಸರಿದ್ವು. ಅಕ್ಕ-ತಂಗಿ ಗುಂಡು, ಬಾಣಂತಿ ಕಲ್ಲು. ಒಂದು ಮುಂದಕ್ಕೆ ಬಗ್ಗಿ ನಿಂತಿತ್ತು, ಅದು ಮೇಷ್ಟ್ರು. ಶಾಲೆಗೆ ಹೋಗ್ತಾ ಅದಕ್ಕೆ ನಮಸ್ಕಾರ ಹೇಳ್ಕೊಂಡು ಹೋಗ್ತಿದ್ವಿ."

"ಈಗ?"

"ಈಗ ಹೈವೇ ಕೆಳಗಿದೆ. ಜಲ್ಲಿ ಮಾಡಿದ್ರು. ಊರಿಗೆ ಹೋದಾಗೆಲ್ಲ ಆ ಹೈವೇ ಮೇಲೇ ಹೋಗಬೇಕು. ಗಾಡಿ ಅಲ್ಲಾಡೋದೇ ಇಲ್ಲ, ಅಷ್ಟು ಚೆನ್ನಾಗಿದೆ."

ನಾನು ಏನಾದರೂ ಹೇಳಬೇಕೆಂದು, ಎಲ್ಲ ಕಡೆಯೂ ಹೀಗೇ ಮೇಡಂ, ಯಾರು ಏನು ಮಾಡೋಕಾಗತ್ತೆ ಎಂದೆ.

"ಆಗ್ತಿತ್ತು. ಗುಡ್ಡದ ಬುಡದಲ್ಲಿ ನಮ್ಮದೊಂದು ಪಟ್ಟಿ ಜಮೀನಿತ್ತು. ಅಪ್ಪ ಹೋದ್ಮೇಲೆ ನನ್ನ ಹೆಸರಿಗೆ ಬಂತು. ನಾನು ಇಲ್ಲಿಗೆ ಬಂದ ಎರಡನೇ ವರ್ಷ ಚಿಕ್ಕಪ್ಪ ಕಾಗದ ಕಳಿಸಿದ್ರು, ದಾರಿಗೆ ಒಪ್ಪಿಗೆ ಅಂತ. ಫ್ಯಾಕ್ಟರಿಯಲ್ಲಿ ಆಡಿಟ್ ನಡೀತಿತ್ತು. ಎಲ್ಲೆಲ್ಲಿ ಪೆನ್ಸಿಲ್‌ನಲ್ಲಿ ಗುರುತು ಹಾಕಿದ್ರೋ ಅಲ್ಲೆಲ್ಲ ಸೈನ್ ಹಾಕಿ ಅವತ್ತೇ ಕೊರಿಯರ್ ಮಾಡ್ದೆ. ಓದ್ಲಿಲ್ಲ. ಜನ ಓಡಾಡೋ ದಾರಿ ಅಂದ್ಕೊಂಡೆ. ಅದು ಲಾರಿಗೆ. ಆ ಪಟ್ಟಿ ಇಲ್ದಿದ್ರೆ ಗುಡ್ಡಕ್ಕೆ ಲಾರಿ ಹೋಗ್ತಾನೇ ಇರ್ಲಿಲ್ಲ."

ಕೊರಿಯರಿನವನನ್ನು ಹೆಲ್ಮೆಟ್ ಹಿಡಿಸಿ ನಿಲ್ಲಿಸಿದ್ದ, ಲಾರಿಯನ್ನು ಎರಡು ದಿನ ತಡೆದಿದ್ದ ಆ ಕಣ್ಣುಗಳನ್ನು ನೋಡಲಾಗದೆ ನಾನು ಡಬ್ಬಿಯ ಮುಚ್ಚಳ ಒರೆಸಿದೆ.

"ರಜಕ್ಕೆ ಹೋದಾಗ ಕ್ರಷರ್ ಮುಂದಿನ ರಾಶಿಯಿಂದ ಇದನ್ನ ಎತ್ಕೊಂಡು ಬಂದೆ. ಇದು ಅಕ್ಕನೋ, ಬಾಣಂತಿಯೋ, ಮೇಷ್ಟ್ರೋ. ಅದಕ್ಕೆ ಯಾವ ಟೆಸ್ಟೂ ಇಲ್ಲ. ಏನಂತ ಲೇಬಲ್ ಬರೀಲಿ?"

ಆಮೇಲೆ ಅವರು ನಾಸೆರಿಯಾನ್ ಕಡೆ ತಿರುಗಿ ಸ್ವಾಹಿಲಿಯಲ್ಲಿ ಅದೇ ಕಥೆಯನ್ನು ಇನ್ನೂ ಚಿಕ್ಕದಾಗಿ ಹೇಳಿದರು. ಕೊನೆಗೆ ಕೇಳಿದರು: ನಿಮ್ಮ ಹಾಳೆಯಲ್ಲಿ ಹೊರಗೆ ಒಯ್ಯಬಾರದು ಅಂತಿದೆ, ಒಳಗೆ ತರಬಾರದು ಅಂತಿಲ್ಲ. ಇದನ್ನು ಇಲ್ಲಿ ಬಿಟ್ಟು ಹೋಗಲೇ? ನಿಂತಿರುವ ಕಲ್ಲುಗಳ ಜೊತೆ ಇರಲಿ.

ಎಂಟು ವರ್ಷದಿಂದ ಅವರು ಗಾಜಿನ ಮೇಲೆ ತಟ್ಟುತ್ತಿದ್ದುದು ಇದಕ್ಕೆ. ತಿರುಗಾಟದ ಆಸೆ ಎಂದು ನಾನು ತಿಳಿದಿದ್ದೆ.

ನಾಸೆರಿಯಾನ್ ಸೀಸೆ ಇಸಿದುಕೊಂಡು ಬೆಳಕಿಗೆ ಹಿಡಿದರು. ಸವತಿಯರ ಕಡೆ ನೋಡಿದರು, ಹೆಸರಿಲ್ಲದ ಕಂಬದ ಕಡೆ ನೋಡಿದರು. ನಂತರ ಸೀಸೆಯನ್ನು ಮೇಡಂ ಅಂಗೈಯಲ್ಲಿಟ್ಟು ಬೆರಳುಗಳನ್ನು ಮಡಿಸಿದರು.

"ಬೇಡ, ಮಾಮಾ. ಇದಕ್ಕೆ ಇದರ ಜಾಗ ಇದೆ."

"ಇಲ್ಲ. ಈಗ ಅಲ್ಲಿ ಗುಂಡಿ. ನೀರು ನಿಂತಿದೆ."

"ಗುಂಡಿ ಇದೆಯಲ್ಲ. ಹಲ್ಲು ಬಿದ್ದ ಜಾಗ ನಾಲಿಗೆಗೆ ಗೊತ್ತಿರತ್ತೆ. ಅಲ್ಲಿಗೇ ತಗೊಂಡು ಹೋಗಿ."

ಮೇಡಂ ಸೀಸೆಯನ್ನು ಮತ್ತೆ ಕರವಸ್ತ್ರದಲ್ಲಿ ಕಟ್ಟಿದರು. ಗಂಟು ಹಾಕಲು ಬಹಳ ಹೊತ್ತು ಹಿಡಿಯಿತು. ನಾನು ಸಹಾಯಕ್ಕೆ ಕೈ ಚಾಚಿದೆ, ಕೊಡಲಿಲ್ಲ.

ಮೇಲೆ ಹತ್ತಿ ಬರುವಾಗ ಬೆಟ್ಟದ ಕಡೆ ಒಂದು ಮೋಡ ಕಂಡಿತು. ಒಂದೇ, ಅಂಗೈಯಗಲ. ನನಗೆ ಅಷ್ಟು ಸಾಕು. ಗೇಟು ತಲುಪುವ ಹೊತ್ತಿಗೆ ನಾನು ಕೀಲಿ ಕೈಯಲ್ಲಿ ಹಿಡಿದಿದ್ದೆ. ಹಿಂದೆ ತಿರುಗಿ ನೋಡಿದರೆ ಮೇಡಂ ಗೇಟಿನ ಪಕ್ಕದ ಚಪ್ಪಟೆ ಬಂಡೆಯ ಮೇಲೆ ಕೂತು ಶೂ ಬಿಚ್ಚುತ್ತಿದ್ದರು. ಎರಡನ್ನೂ ಮಗುಚಿ, ಬಂಡೆಗೆ ಬಡಿದು, ಅಡಿಯ ಸಂದುಗಳನ್ನು ಕಡ್ಡಿಯಿಂದ ಕೆದಕಿ, ಮತ್ತೆ ಬಡಿದರು. ಕಲ್ಲು, ಮರಳು ಏನೂ ಹೊರಗೆ ಹೋಗಬಾರದು, ಹೊರಡುವವರು ಶೂ ಕೊಡವಿ ಹೋಗಬೇಕು. ಅದೇ ಎಂಟನೆಯ ನಿಯಮವಂತೆ.

"ನಿಮ್ದು?" ಎಂದರು.

"ನನ್ನದು ಕ್ಲೀನಾಗಿದೆ ಮೇಡಂ. ಹತ್ತಿ, ಮೋಡ ನೋಡಿ."

ನಾಸೆರಿಯಾನ್ ನನ್ನ ಕಾಲಿನ ಕಡೆ ನೋಡಿದರು. ನಾನು ಅಸಾಂಟೆ ಎಂದು ಧನ್ಯವಾದ ಹೇಳಿ, ಕೈ ಬೀಸಿ ಎಂಜಿನ್ ಶುರು ಮಾಡಿದೆ. ಮೋಡ ಕಿಸೇರಿಯನ್ ತಲುಪುವ ಮೊದಲೇ ಕರಗಿಹೋಯಿತು. ಮನೆಯ ಮುಂದೆ ಇಳಿಯುವಾಗ ಮೇಡಂ, "ಏನೂ ಆಗ್ಲಿಲ್ಲ ನೋಡಿ, ಪಾಪ, ಅಷ್ಟು ಬರೆದಿದ್ರಿ" ಎಂದರು.

ಸೋಮವಾರ. ಔಷಧಿ ತಯಾರಾಗುವ ಕಡೆಗೆ ಹೋಗಬೇಕಾದರೆ ಒಂದು ಬೆಂಚು ದಾಟಬೇಕು. ಈಚೆ ಹೊರಗಿನ ಶೂ ಬಿಚ್ಚಿ, ಆಚೆಗೆ ಕಾಲು ಹಾಕಿ ಒಳಗಿನ ಚಪ್ಪಲಿ ಮೆಟ್ಟಬೇಕು. ಪ್ರವಾಸಕ್ಕೆಂದೇ ಕೊಂಡ ದಪ್ಪ ಅಡಿಯ ಶೂ, ಒಂದೇ ದಿನಕ್ಕೆ ಮೂಲೆಗಿಡುವುದೇಕೆಂದು ಅವತ್ತೂ ಹಾಕಿಕೊಂಡು ಹೋಗಿದ್ದೆ. ಬಿಚ್ಚಿ ಕಪಾಟಿಗೆ ಎತ್ತಿಡುವಾಗ ಅಡಿಯಲ್ಲಿ ಏನೋ ಮಿನುಗಿತು. ಹುರುಳಿಕಾಳಿಗಿಂತ ಸ್ವಲ್ಪ ದೊಡ್ಡದು, ಹುರಿದ ರಾಗಿಯ ಕೆಂಪು, ಒಂದು ಬದಿಗೆ ಬಿಳಿಯ ಗೆರೆ.

ಬೆಂಚಿನ ಆಚೆ ಮೇಡಂ ನಿಂತಿದ್ದರು. ಮುಚ್ಚಿಡಲು ಹೊತ್ತಿರಲಿಲ್ಲ. ಮೂವತ್ತು ವರ್ಷದಿಂದ ಊರಿಗೆಲ್ಲ ಓದಿ ಸಹಿ ಹಾಕಿ ಎಂದು ಪಾಠ ಹೇಳಿ ಸಂಬಳ ತೆಗೆದುಕೊಂಡವನು ಒಂದು ಕಾಲಲ್ಲಿ ನಿಂತು ಶೂ ಹಿಡಿದುಕೊಂಡಿದ್ದೆ.

"ಓದ್ಲಿಲ್ಲ ಮೇಡಂ" ಎಂದೆ.

ಅವರು ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ಕಲ್ಲನ್ನು ಇಸಿದುಕೊಂಡು ಹೋಗಿ ಸೀಸೆಯಲ್ಲಿ ಹಾಕಿ, ಚೀಟಿ ಬರೆದು ತಂದರು. ಏನು: ಕಲ್ಲು. ಎಲ್ಲಿಯದು: ಕಣಿವೆಯ ಹೆಸರು. ಎಲ್ಲಿಯವರೆಗೆ ಇಡಬೇಕು: ವಾಪಸ್ ಇಡುವವರೆಗೆ. ಹೆಬ್ಬೆರಳಿಟ್ಟು ಒತ್ತಿ, ಮೂರು ಎಣಿಸಿ, ನನ್ನ ಕೈಗೆ ಕೊಟ್ಟರು. "ನಿಮ್ಮದಕ್ಕೆ ಲೇಬಲ್ ಪೂರ್ತಿ ಬರೆಯೋಕೆ ಬಂತು. ಅದೃಷ್ಟವಂತರು ನೀವು. ನಾನು ಹೊರಡೋದ್ರೊಳಗೆ ಹೋಗಿ ಇಟ್ಟು ಬರೋಣ."

ಐದು ಶನಿವಾರಗಳಿದ್ದವು. ಮಾರ್ಚ್ ಬಂತು, ಮಳೆ ಬಂತು, ಕಣಿವೆಗೆ ನೀರು ನುಗ್ಗುವ ಸಾಲಿಗೆ ನಾನು ಮತ್ತೆ ಕೆಂಪು ಬಣ್ಣ ಹಾಕಿದೆ. ಅವರು ಒತ್ತಾಯಿಸಲಿಲ್ಲ. ಸೌತ್ ಬಿಯ ಮನೆ ಖಾಲಿ ಮಾಡುವ ದಿನ ನೀರು, ಮಣ್ಣು, ಹಿಟ್ಟಿನ ಸೀಸೆಗಳನ್ನು ಒಂದೊಂದಾಗಿ ಗೇಟಿನ ಹೊರಗಿನ ಜಕರಂದದ ಬುಡಕ್ಕೆ ಸುರಿದರು. "ದೂರು ಕೊಡೋಕೆ ಇನ್ಯಾರೂ ಬರಲ್ಲ" ಎಂದರು. ಮೊದಲನೆಯ ಸೀಸೆ ಕೈಚೀಲದಲ್ಲಿತ್ತು. ವಿಮಾನ ನಿಲ್ದಾಣದಲ್ಲಿ ನಾನು ಪಾಸ್‌ಪೋರ್ಟ್, ಟಿಕೆಟ್, ಬಿ.ಪಿ. ಮಾತ್ರೆ ಎಂದು ಎಣಿಸುತ್ತಿದ್ದರೆ ಅವರು ಟ್ರಾಲಿಯ ಹಿಡಿಯ ಮೇಲಿನ ಸೂಚನೆಗಳನ್ನು ಓದುತ್ತ ನಿಂತಿದ್ದರು.

ಹದಿನೈದು ದಿನಕ್ಕೆ ಫೋನಿಗೆ ಒಂದು ಚಿತ್ರ ಬಂತು. ದೊಡ್ಡ ಗುಂಡಿ, ಹಸಿರು ನೀರು, ಅಂಚಿನಲ್ಲಿ ಮೇಕೆಗಳು. ನೀರಿನ ಮೇಲೆ ಒಂದು ಉಂಗುರ, ಆಗಷ್ಟೇ ಏನೋ ಬಿದ್ದ ಹಾಗೆ. ಕಾರ್ಖಾನೆಯಲ್ಲಿ ನಿಯಮ ತಪ್ಪಿ ಏನಾದರೂ ನಡೆದರೆ ಡೀವಿಯೇಷನ್ ಎಂದು ಒಂದು ಅರ್ಜಿ ತೆರೆಯುತ್ತೇವೆ. ಕಾರಣ ಹುಡುಕಿ, ಸರಿಪಡಿಸಿ, ಅದನ್ನು ಮುಚ್ಚಬೇಕು. ಚಿತ್ರದ ಕೆಳಗೆ ಬರೆದಿದ್ದರು: "ನನ್ನ ಡೀವಿಯೇಷನ್ ಕ್ಲೋಸ್ ಆಯ್ತು. ನಿಮ್ದು?"

"ಮುಂದಿನ ಶನಿವಾರ ಖಂಡಿತ ಮೇಡಂ" ಎಂದು ಉತ್ತರಿಸಿದೆ. ಆಮೇಲೆ ಹಬ್ಬಗಳಿಗೆ ಶುಭಾಶಯ ಹೋಯಿತು, ಬಂತು. ಅವರು ಮತ್ತೆ ಕೇಳಲಿಲ್ಲ. ಒಂದು ಸಲ ಕೇಳಿದ್ದನ್ನು ಎರಡನೆಯ ಸಲ ಕೇಳುವ ಅಭ್ಯಾಸ ಅವರಿಗೆ ಇದ್ದದ್ದು ಜನವರಿಯಲ್ಲಿ ಮಾತ್ರ. ಈ ಜನವರಿಯಲ್ಲಿ ಫೋನು ಸದ್ದು ಮಾಡಿದಾಗ ಅದೇ ಇರಬೇಕೆಂದು ಕಾರಣವೊಂದನ್ನು ಸಿದ್ಧಮಾಡಿಕೊಂಡೇ ತೆರೆದೆ. ಬರೆದಿದ್ದವರು ಅವರ ತಂಗಿ.

ಸೀಸೆ ನನ್ನ ಮೇಜಿನ ಮೇಲಿದೆ. ಚೀಟಿಯ ಮೂಲೆಯಲ್ಲಿ ಹೆಬ್ಬೆರಳಿನ ಗೆರೆಗಳು ಸಣ್ಣಗೆ ಮೂಡಿವೆ, ಶಾಯಿ ಒಣಗುವ ಮುಂಚೆ ಒತ್ತಿದ್ದರಿಂದ. ಈ ಶನಿವಾರ ಹೋಗುತ್ತೇನೆ. ನಾಸೆರಿಯಾನ್‌ಗೆ ಫೋನ್ ಮಾಡಿದೆ. ಓದಿದ ಮಾಮಾ ಬರುತ್ತಾರಾ ಎಂದು ಕೇಳಿದರು. ಇಲ್ಲ ಎಂದೆ, ಏಕೆಂದು ಹೇಳಿದೆ. "ಪೋಲೆ ಸಾನಾ, ತುಂಬ ದುಃಖವಾಯ್ತು" ಎಂದರು, ಆಮೇಲೆ "ನೀವು ಬನ್ನಿ."

ಹಳೆಯ ಪಟ್ಟಿ ತೆರೆದೆ. ಟೈರು, ಬ್ರೇಕು, ರೇಡಿಯೇಟರು, ಹಾವು, ಮಳೆ ಎಲ್ಲ ಹಾಗೆಯೇ ಉಳಿಸಬಹುದು. ಮೇಡಂ ತಲೆ ಸುತ್ತಿ ಬೀಳುವುದು, ಮೇಡಂ ಮಂಡಿ ಕೈಕೊಡುವುದು, ಆ ಎರಡು ಸಾಲುಗಳನ್ನು ಅಳಿಸಬೇಕಿತ್ತು. ಬೆರಳು ಹೋಗಲಿಲ್ಲ. ಬದಲಿಗೆ ಕೊನೆಯಲ್ಲಿ ಒಂದು ಸಾಲು ಸೇರಿಸಿದೆ. ಸಂಭವ, ಕೇಡು ಎಂಬ ಅಂಕಣಗಳನ್ನು ಖಾಲಿ ಬಿಟ್ಟೆ, ಅದು ಆಗಿಹೋಗಿದೆಯಲ್ಲ.

ಇಪ್ಪತ್ತನಾಲ್ಕು: ಹೊರಡುವಾಗ ಶೂ ಕೊಡವಲಿಲ್ಲ.